ಎರಡೂ ಎಡಗಾಲಿನವು

ಊಟಿಯಲ್ಲಿ ಸೀಸನ್ ಮುಗಿಯುವ ವಾರ. ಬಸ್ ನಿಲ್ದಾಣದ ಎದುರು, ಕೈಯಲ್ಲೇ ಚಪ್ಪಲಿ ಹೊಲಿಯುವ ಪುಟ್ಟ ಅಂಗಡಿಯಲ್ಲಿ ತೂಗುಹಾಕಿದ್ದೆಲ್ಲ ಎಡಗಾಲಿನವೇ. ಗಿರಾಕಿ ಒಪ್ಪಿದ ಮೇಲಷ್ಟೇ ಬಲಗಾಲಿನದನ್ನು ಹೊಲಿಯುವುದು ಮಾಲೀಕರಾದ ಮಾದಪ್ಪನವರ ಪದ್ಧತಿ. ಅವರು ಗುಂಡ್ಲುಪೇಟೆ ಕಡೆಯವರು. ನನ್ನ ಹೆಂಡತಿ ಶಾರದೆಗೆ ಒಂದು ಚಪ್ಪಲಿ ಹಿಡಿಸಿಬಿಟ್ಟಿತು. ಅದರ ಜೋಡಿ ತಯಾರಾಗಲು ಸಂಜೆಯಾಗುತ್ತದೆ. ನಮ್ಮ ಬಸ್ಸು ಹೊರಡಲು ನಿಂತಿತ್ತು.

“ಬೆಂಗ್ಳೂರವ್ರಲ್ವೇನಮ್ಮ? ಮಳೆ ಹಿಡಿದ್ರೆ ಅಂಗ್ಡಿ ಮುಚ್ಚಿ ನಿಮ್ಮೂರಿನ ಹೆಗ್ಗನಹಳ್ಳೀಲಿರೋ ಮಗಳ ಮನೆಗೆ ಬರ್ತೀನಿ. ಬಲಗಾಲಿಂದು ಆಗ ತಂದ್ಕೊಡ್ತೀನಿ. ಎಡಗಾಲಿಂದು ಈಗ್ಲೇ ತಗೊಂಡೋಗಿ, ಇಲ್ಲಿದ್ರೆ ಇನ್ಯಾರಾದ್ರೂ ಕೇಳ್ತಾರೆ. ಅಳತೆಗೆ ನಿಮ್ಮ ಹಳೇದ್ರಲ್ಲಿ ಬಲಗಾಲಿಂದು ಬಿಟ್ಟೋಗಿ,” ಎಂದರು ಮಾದಪ್ಪ.

ನಾನು ಬೇಡ ಎನ್ನುವಷ್ಟರಲ್ಲಿ ಅವಳು ಮನೆ ವಿಳಾಸ ಹೇಳಿ, ಬಲಗಾಲಿನದನ್ನು ಬಿಚ್ಚಿ ಕೊಟ್ಟಾಗಿತ್ತು.

ಬಸ್ಸು ಹತ್ತಿದ ಮೇಲೆ ಕೆಳಗೆ ನೋಡಿದೆ. ಅವಳ ಕಾಲ ಬಳಿ ಒಂದು ಹಳೆಯ ಚಪ್ಪಲಿ, ಒಂದು ಹೊಸದು. ಎರಡೂ ಎಡಗಾಲಿನವು.

“ಗುರುತು ಪರಿಚಯ ಇಲ್ಲದವರಿಗೆ ಕಾಲಲ್ಲಿದ್ದದ್ದನ್ನೂ ಕೊಟ್ಟು ಬಂದ್ಯಲ್ಲೇ!” ಎಂದು ಮೈಸೂರಿನವರೆಗೂ ಗೊಣಗಿದೆ. ಅಲ್ಲಿಂದ ಮುಂದಕ್ಕೆ ನಕ್ಕೆ. ಅವಳು ಕಿಟಕಿ ಕಡೆ ತಿರುಗಿಯೇ ಕೂತಿದ್ದಳು.

ಬಸ್ಸಿನಲ್ಲೇ ಕೂತು ಡೈರಿಯಲ್ಲಿ ಇಷ್ಟು ಗೀಚುವ ಹೊತ್ತಿಗೆ ಕೆಂಗೇರಿ, ನಾವು ಇಳಿಯುವ ಸ್ಟಾಪು. ತಲೆಯೆತ್ತಿದರೆ ಶಾರದೆ ಆಗಲೇ ಎದ್ದು, ನಾನು ಬಿಚ್ಚಿಟ್ಟಿದ್ದ ಚಪ್ಪಲಿಗಳಲ್ಲಿ ಕಾಲು ತೂರಿಸಿದ್ದಾಳೆ.

“ಇಳೀರಿ,” ಎಂದಳು. “ನಿಮಗೆ ಅವೆರಡೂ ಇವೆಯಲ್ಲ, ಹಾಕ್ಕೊಂಡು ಬನ್ನಿ.”