ಸೊನ್ನೆಯ ವರ್ಷ

ಕಾಜಾ ಅಕ್ಕ ಬೀದಿಯಲ್ಲಿ ಗದ್ದ ಮೇಲೆತ್ತಿಕೊಂಡೇ ನಡೆಯುತ್ತಿದ್ದಳು. ಕರ್ತನಾದ ಕ್ರಿಸ್ತನ ಎರಡನೇ ಬರೋಣಕ್ಕೆ ತಾರೀಕು ಗೊತ್ತುಮಾಡಿದ ಮನೆಯ ಹೆಂಗಸಲ್ಲವೇ, ಮೋಡಗಳ ಮೇಲೊಂದು ಕಣ್ಣಿಟ್ಟಿದ್ದಾಳೆ ಎಂದು ಇದನ್ನು ಬರೆಯುವವನು ಬಹಳ ದಿನ ನಂಬಿದ್ದ. ನಾಲ್ಕು ಜನರ ಮುಂದೆ ಅವಳ ಭಕ್ತಿಯನ್ನು ಹೊಗಳಿದ್ದೂ ಉಂಟು. ಅವಳ ಎಡಗಣ್ಣು ಪೂರಾ ಹೋಗಿ, ಬಲಗಣ್ಣಿನ ತಳದಲ್ಲಿ ಒಂದು ಸೀಳಿನಷ್ಟು ಬೆಳಕು ಉಳಿದಿದೆಯೆಂದೂ, ಆ ಸೀಳಿನಲ್ಲಿ ರಸ್ತೆ ಹಿಡಿಯಲು ಗದ್ದ ಎತ್ತಲೇಬೇಕೆಂದೂ ತಿಳಿದದ್ದು ಆಮೇಲೆ.

ದರ್ಜಿ ಅಂಗಡಿಯ ಕಿಟಕಿಯ ಬದಿಯಲ್ಲಿ ಕೂತು ಅಂಗಿಗಳಿಗೆ ಕಾಜಾ ಮಾಡುವುದು ಅವಳ ಕೆಲಸ. ಗುಂಡಿ ತೂರುವಷ್ಟು ಬಟ್ಟೆ ಸೀಳಿ, ಅಂಚಿಗೆ ಒತ್ತೊತ್ತಾಗಿ ದಾರ ಬಿಗಿಯುವುದು. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ್ದಳು. ಅಂಗಿ ಹರಿದು ನೆಲ ಒರೆಸುವ ಬಟ್ಟೆಯಾದರೂ ಅವಳ ಕಾಜಾ ಬಿಚ್ಚಿಕೊಳ್ಳುತ್ತಿರಲಿಲ್ಲ. ಯಂತ್ರ ತರುವ ಮಾತು ಬಂದಾಗಲೆಲ್ಲ ದರ್ಜಿ ಅವಳ ಬೆರಳು ನೋಡಿ ಸುಮ್ಮನಾಗುತ್ತಿದ್ದ.

ಗಂಡ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಬೀದಿಗೆಲ್ಲ ಟೀಸಿ ಸಾಹೇಬರು. ವೇಳಾಪಟ್ಟಿ ಇಲ್ಲದೆ ಅವರಿಗೆ ತಿಂದದ್ದು ಜೀರ್ಣವಾಗುತ್ತಿರಲಿಲ್ಲವಾಗಿ ಬೈಬಲಿನ ಪ್ರವಾದನೆಗೆ ಕೈಹಾಕಿದರು. ಪ್ರವಾದಿಗಳೋ, ತಾರೀಕು ಹೇಳಿದ್ದಕ್ಕಿಂತ ಜನರಿಗೆ ಬೈದದ್ದೇ ಹೆಚ್ಚು. ವಿಧವೆಯರನ್ನು ಸುಲಿಯಬೇಡಿ, ತಕ್ಕಡಿಯಲ್ಲಿ ಮೋಸಮಾಡಬೇಡಿ ಎಂದು ಗಂಟಲು ಹರಿದುಕೊಂಡವರು. ಆ ಪುಟಗಳನ್ನೆಲ್ಲ ಸಾಹೇಬರು ಸಣ್ಣ ನಿಲ್ದಾಣಗಳಂತೆ ನಿಲ್ಲದೆ ದಾಟಿದರು. ಗಾಡಿ ನಿಂತದ್ದು ಪ್ರವಾದಿ ದಾನಿಯೇಲನ ಎಪ್ಪತ್ತು ವಾರಗಳ ಲೆಕ್ಕದಲ್ಲಿ. ಹಳೇ ಹೊದಿಕೆಯ ಮೇಲೆ ಅವನು ಕನಸಿನಲ್ಲಿ ಕಂಡ ಹತ್ತು ಕೊಂಬಿನ ಮೃಗ ಬರೆಸಿದರು, ಕೂಡಿದರು, ಕಳೆದರು, ಮೂವತ್ತು ಜನರ ಪ್ರಾರ್ಥನಾ ಕೂಟಕ್ಕೆ ತಾರೀಕು ಘೋಷಿಸಿಯೇಬಿಟ್ಟರು. ಅಂದು ಕರ್ತ ಬಂದು ನಂಬಿದವರನ್ನು ಆಕಾಶಕ್ಕೆ ಎತ್ತಿಕೊಳ್ಳುತ್ತಾನೆ, ಹಿಂದೆ ಉಳಿದವರಿಗೆ ಮಹಾ ಸಂಕಟ.

ಅದೇ ವಾರ ಕಣ್ಣಿನ ಡಾಕ್ಟರಮ್ಮ ಕಾಜಾ ಅಕ್ಕನಿಗೆ ಹೇಳಿದ್ದು: “ಕಣ್ಣೊಳಗೆ ಒತ್ತಡ ಜಾಸ್ತಿಯಾಗಿದೆ. ಹೋಗಿರೋ ದೃಷ್ಟಿ ವಾಪಸ್ ಬರಲ್ಲಮ್ಮ. ಇರೋದನ್ನ ಉಳಿಸ್ಕೋಬಹುದು. ಮನೆಯವರ ಸಹಿ ಮಾಡಿಸ್ಕೊಂಡು ಬನ್ನಿ.” ಆಪರೇಷನ್ನಿನ ಸರದಿ ಬಂದದ್ದು ಸಾಹೇಬರ ತಾರೀಕು ಕಳೆದ ಒಂಬತ್ತನೇ ದಿನಕ್ಕೆ.

ಸಾಹೇಬರು ಕಾಗದ ನೋಡಿ ನಕ್ಕರು. “ಅವತ್ತು ನಾವಿಲ್ಲಿ ಇರ್ತೀವೇನೇ, ಪೆದ್ದಿ?”

“ಇದ್ರೆ?”

“ನಂಬಿಕೆ ಇಲ್ಲದೋಳ ಮಾತು. ನಾನು ಸಹಿ ಹಾಕಿದ್ರೆ ಕೂಟದೋರು ಏನಂತಾರೆ? ಇವರಿಗೇ ಇವರ ಲೆಕ್ಕದ ಮೇಲೆ ಗ್ಯಾರಂಟಿ ಇಲ್ಲ ಅಂತಾರೆ.”

“ಆ ದಿನ ದೇವರ ಮಗನಿಗೂ ಗೊತ್ತಿಲ್ಲ ಅಂತ ಬೈಬಲಲ್ಲೇ ಬರೆದಿದೆಯಲ್ಲ ರೀ.”

“ಆಗ ಗೊತ್ತಿರ್ಲಿಲ್ಲ. ಆಮೇಲೆ ಗೊತ್ತಾಗಿರುತ್ತೆ.”

“ಗೊತ್ತಾದ ತಕ್ಷಣ ನಿಮಗೇ ಹೇಳಿ ಕಳಿಸಿದ್ರಾ?”

ಸಾಹೇಬರು ಔದಾರ್ಯ ತೋರಿಸಿದರು. ಆಸ್ಪತ್ರೆಗೆ ತಾವೇ ಹೋಗಿ ಹೆಂಡತಿಯ ಸರದಿಯನ್ನು ಕಣ್ಣಿನ ಪೊರೆ ತೆಗೆಸಲು ಕಾದಿದ್ದ ದರ್ಜಿಯ ಅತ್ತೆಗೆ ಬಿಟ್ಟುಕೊಟ್ಟರು. ಆ ಮುದುಕಿ ದೇವರು ದಿಂಡರನ್ನು ನಂಬುವವಳಲ್ಲ. “ಹೇಗೂ ಹಿಂದೆ ಉಳಿಯೋ ಜೀವ. ಮುಂದೆ ಬರೋ ಮಹಾ ಸಂಕಟವನ್ನ ಕಣ್ಣು ತುಂಬ ನೋಡ್ಲಿ” ಎಂದು ಸಾಹೇಬರು ಕೂಟದಲ್ಲಿ ಸಾರಿದರು. ಎಲ್ಲರೂ ಸ್ತೋತ್ರ ಹೇಳಿದರು.

ಆಮೇಲೆ ಕೂಟಕ್ಕೆ ಬಿಳಿ ಅಂಗಿಗಳು ಬೇಕಾದವು. ಕರ್ತನನ್ನು ಎದುರುಗೊಳ್ಳಲು ಯಂತ್ರದ ಕಾಜಾ ಆದೀತೇ? ಬಿಳಿ ಬಟ್ಟೆಗೆ ಬಿಳಿ ದಾರ. ಮೂವತ್ತು ಅಂಗಿಗಳಿಗೆ ತಲಾ ಏಳು ಕಾಜಾ. ಕೊನೆಯ ಅಂಗಿಗಳಿಗೆ ಬರುವ ಹೊತ್ತಿಗೆ ಅವಳು ಸೀಳನ್ನು ನಾಲಿಗೆಯ ತುದಿಯಿಂದ ಹುಡುಕುತ್ತಿದ್ದಳು.

ಹೇಳಿದ ದಿನ ಬೆಳಗ್ಗೆಯೇ ಎಲ್ಲರೂ ಮಹಡಿಯ ಮೇಲೆ ಸೇರಿದರು. ಸಾಹೇಬರು ಮೆಟ್ಟಿಲ ಬಾಯಲ್ಲಿ ನಿಂತು ಹೆಸರು ಗುರುತು ಹಾಕಿ ಒಬ್ಬೊಬ್ಬರನ್ನೇ ಬಿಟ್ಟುಕೊಂಡರು. ಮಧ್ಯಾಹ್ನ ಬಿಸಿಲಿಗೆ ಇಬ್ಬರು ತಲೆಸುತ್ತಿ ಬಿದ್ದಾಗ ಎತ್ತಲ್ಪಡುವುದು ಶುರುವಾಯಿತೆಂದು ಉಳಿದವರು ಕೂಗಿದರು. ಸೂರ್ಯ ಮುಳುಗಿದ ಮೇಲೆ ಎಲ್ಲರೂ ಇಳಿದು ಬಂದರು. ಯಾರ ಮನೆಯಲ್ಲೂ ಒಲೆ ಹಚ್ಚಿರಲಿಲ್ಲ.

ಮೂರು ದಿನ ಬಾಗಿಲು ಹಾಕಿಕೊಂಡಿದ್ದ ಸಾಹೇಬರು ನಾಲ್ಕನೇ ದಿನ ಹೊಳೆಯುವ ಮುಖ ಹೊತ್ತು ಹೊರಬಿದ್ದರು. ಕ್ರಿಸ್ತಪೂರ್ವದಿಂದ ಕ್ರಿಸ್ತಶಕಕ್ಕೆ ದಾಟುವಾಗ ನಡುವೆ ಸೊನ್ನೆಯ ವರ್ಷ ಎಂಬುದೊಂದು ಇಲ್ಲವೇ ಇಲ್ಲ. ಇಲ್ಲದ ಆ ವರ್ಷವನ್ನು ಅವರು ಎಣಿಸಿಬಿಟ್ಟಿದ್ದರು. “ಗಾಡಿ ರದ್ದಾಗಿಲ್ಲ. ಒಂದು ವರ್ಷ ಲೇಟು, ಅಷ್ಟೇ.”

“ಹಾಗಾದ್ರೆ ಈ ವರ್ಷ ಆಪರೇಷನ್ ಮಾಡಿಸ್ಕೋತೀನಿ. ಡಾಕ್ಟರಮ್ಮ ಐದು ತಿಂಗಳಿಗೆ ಮತ್ತೆ ಸರದಿ ಕೊಡ್ತೀನಿ ಅಂದಿದ್ದಾರೆ.”

“ಒಂದು ಸಲ ತಪ್ಪಿದೋನ ಮೇಲೆ ಜನ ಕಣ್ಣಿಟ್ಟಿರ್ತಾರೆ. ಈಗಂತೂ ಸಹಿ ಹಾಕೋ ಹಾಗೇ ಇಲ್ಲ.”

ಐದು ತಿಂಗಳು ಕಣ್ಣು ಕಾಯಲಿಲ್ಲ. ಕಾಜಾಗಳು ಗುಂಡಿಗಳಿಂದ ಅರ್ಧ ಬೆರಳು ಆಚೀಚೆ ಸರಿದವು. ದರ್ಜಿ ಮೊದಲು ಗುಂಡಿ ಹೊಲಿಯಲು ಕೊಟ್ಟ, ಆಮೇಲೆ ನೂಲು ಕೀಳಲು. ಅವಳು ನೂಲಿನ ಜೊತೆ ಅಂಗಿಯ ಕಾಲರನ್ನೂ ಕತ್ತರಿಸಿದ ದಿನ “ಸ್ವಲ್ಪ ದಿನ ಮನೇಲಿ ರೆಸ್ಟ್ ತಗೊಳ್ಳಿ ಅಕ್ಕ” ಎಂದ. ಕಿಟಕಿಯ ಬದಿಗೆ ಯಂತ್ರ ಬಂತು. ಅದರ ಸೂಜಿಗೆ ದಾರ ಪೋಣಿಸಿಕೊಡುವವಳು ದರ್ಜಿಯ ಅತ್ತೆ. ಒಂದೇ ಸಲಕ್ಕೆ ಪೋಣಿಸುತ್ತಾಳಂತೆ.

ಎರಡನೆಯ ತಾರೀಕೂ ಬಂತು, ಹೋಯಿತು. ಕೂಟದಲ್ಲಿ ಹನ್ನೊಂದು ಜನ ಉಳಿದರು. ಆಗ ಸಾಹೇಬರಿಗೆ ಹೆಂಡತಿ ಮೊದಲ ಬಾರಿಗೆ ಪ್ರಯೋಜನಕ್ಕೆ ಬಂದಳು. ಅಂತ್ಯಕಾಲದಲ್ಲಿ ಕುರುಡರ ಕಣ್ಣು ತೆರೆಯುವುದು ಎಂದಿದೆಯಲ್ಲ. ತೆರೆಯಬೇಕಾದರೆ ಕುರುಡರು ಬೇಕಷ್ಟೆ. ಪ್ರತಿ ವಾರ ಅವಳನ್ನು ಮೃಗದ ಚಿತ್ರದ ಕೆಳಗೆ ಕುರ್ಚಿ ಹಾಕಿ ಕೂರಿಸಿದರು. “ನೋಡಿ, ಗುರುತು ನಮ್ಮ ಮನೆಯಲ್ಲೇ ಇದೆ!”

ಒಂದು ದಿನ ಹೊರಗಿನಿಂದ ಬಂದ ಪ್ರಸಂಗಿಯೊಬ್ಬರು ಅವಳ ಕುರ್ಚಿಯ ಮುಂದೆ ಬಾಗಿ, ಮಗುವಿಗೆ ಕೇಳುವಂತೆ ದನಿ ಎಳೆದು ಕೇಳಿದರು: “ಅಕ್ಕಾ, ಆ ದಿನ ಕಣ್ಣು ತೆರೆದಾಗ ಮೊಟ್ಟಮೊದಲು ಯಾರ ಮುಖ ನೋಡ್ತೀರಿ? ಕರ್ತನ ಮುಖಾನೇ ಅಲ್ವಾ?”

ಸಾಹೇಬರು ಸ್ತೋತ್ರ ಹೇಳಲು ಬಾಯಿ ತೆರೆದರು.

“ಇಲ್ಲಪ್ಪ” ಎಂದಳು ಕಾಜಾ ಅಕ್ಕ. “ಕರ್ತನ ಮುಖ ಎಲ್ಲಿಗೂ ಓಡಿಹೋಗಲ್ಲ, ಆಮೇಲೆ ನೋಡ್ತೀನಿ. ಮೊದಲು ನಮ್ಮನೆಯವರ ಮುಖ. ‘ನಿನಗೆ ಯಾರಯ್ಯ ತಾರೀಕು ಹೇಳಿದ್ದು?’ ಅಂತ ಕರ್ತ ಇವರನ್ನ ಕೇಳ್ತಾನಲ್ಲ, ಆಗ ಆ ಮುಖ ಹೇಗಾಗುತ್ತೆ ಅಂತ ನೋಡ್ಬೇಕು.”