ಐತ್ವಾರದ ಜ್ವರ

ಬಸ್ರೂರಿನಿಂದ ಬಸ್ಸು ಹತ್ತಿ ತಾಲೂಕು ಆರೋಗ್ಯ ಕಚೇರಿಗೆ ಹೋಗಿ ಜ್ವರ ಎಣಿಸುವುದು ಆಗ ನನ್ನ ಕೆಲಸ. ಆಶಾ ಕಾರ್ಯಕರ್ತೆಯರು ತರುವ ಚೀಟಿಗಳಲ್ಲಿನ ಜ್ವರ ಶುರುವಾದ ತಾರೀಖನ್ನು ಕಂಪ್ಯೂಟರಿಗೆ ತುಂಬಿದರೆ, ಅದು ವರ್ಷದ ಎಷ್ಟನೇ ವಾರ ಎಂದು ಹೇಳುತ್ತಿತ್ತು. ಗ್ರಾಫಿನಲ್ಲಿ ವಾರಕ್ಕೊಂದು ಕಂಬ. ಕಂಬ ಕೆಂಪು ಗೆರೆ ದಾಟಿದರೆ ಡಾಕ್ಟರು ಸಹಿ ಹಾಕುತ್ತಿದ್ದರು, ಇಲಿಜ್ವರ ತಡೆಯುವ ಮಾತ್ರೆ ಊರಿಗೆ ಹೋಗುತ್ತಿತ್ತು. ತಾರೀಖಿನಿಂದ ವಾರ ಲೆಕ್ಕ ಹಾಕುವ ಸೂತ್ರ ಬರೆದವನು ನಾನೇ. ಅದರ ಜಂಬ ಬೇರೆ.

ನಮ್ಮ ಲೆಕ್ಕದ ವಾರ ಸೋಮವಾರ ಶುರುವಾಗಿ ಆದಿತ್ಯವಾರ ಮುಗಿಯಬೇಕು. ಕಂಪ್ಯೂಟರನ್ನು ಅದರ ಪಾಡಿಗೆ ಬಿಟ್ಟರೆ ಆದಿತ್ಯವಾರದಿಂದಲೇ ಹೊಸ ವಾರ ಹಿಡಿಯುತ್ತದೆ. ನಾನು ಬಿಟ್ಟಿದ್ದೆ. ಒಂದು ದಿನ ಆಚೀಚೆಯಾದರೆ ಏನು ಮಹಾ ಅಂದುಕೊಂಡೆನೋ, ನೋಡಲೇ ಇಲ್ಲವೋ, ಈಗ ನೆನಪಿಲ್ಲ.

ಆದರೆ ನಮ್ಮ ಜನರಿಗೆ ಜ್ವರ ಬರುವುದೇ ಆದಿತ್ಯವಾರ. ನೆಟ್ಟಿಯ ಕಾಲದಲ್ಲಿ ಮೈ ಸುಡುತ್ತಿದ್ದರೂ ಶನಿವಾರದವರೆಗೆ ಕೆಸರಿನಲ್ಲಿ ನಿಂತು ಸಸಿ ನೆಡುತ್ತಾರೆ. ರಜೆಯ ದಿನ ಚಾಪೆ ಹಿಡಿದ ಮೇಲೆಯೇ ಅದು ಜ್ವರ. ಯಾವಾಗಿನಿಂದ ಎಂದು ಕೇಳಿದರೆ, "ಐತ್ವಾರದಿಂದ." ನನ್ನ ಅಮ್ಮನೂ ಹಾಗೇ ಹೇಳುತ್ತಿದ್ದಳು. ನನಗೆ ಗೊತ್ತಿರಬೇಕಿತ್ತು.

ಒಂದು ಸೋಮವಾರ ನಾವುಂದದ ಕಡೆಯ ಆಶಾ ಅಕ್ಕ ಬಂದು ಚೀಟಿಯ ಕಟ್ಟನ್ನು ಮೇಜಿನ ಮೇಲಿಟ್ಟರು.

"ಹ್ವಾಯ್, ಈ ಸಲ ಜ್ವರ ಜಾಸ್ತಿ ಇತ್ತ್. ಮಾತ್ರೆ ಕಳ್ಸಿ. ನನ್ ತಮ್ಮನೂ ನೆಟ್ಟಿಗೆ ಹೋತಾ ಇದ್ದ."

ಎಲ್ಲ ತುಂಬಿಸಿದೆ. ಮುಗಿದ ವಾರದ ಕಂಬ ಮೋಟಾಗಿಯೇ ಇತ್ತು. ಹಿಂದಿನ ದಿನದ, ಅಂದರೆ ಆದಿತ್ಯವಾರದ, ಜ್ವರಗಳೆಲ್ಲ ಹೊಸ ವಾರಕ್ಕೆ ಜಾರಿದ್ದವು, ಆ ವಾರದ ಕಂಬ ನೋಡುವುದು ಮುಂದಿನ ಸೋಮವಾರ.

"ಗ್ರಾಫ್ ಏರ್ಲಿಲ್ಲ ಅಕ್ಕ. ಏರದೆ ಡಾಕ್ಟ್ರು ಸೈ ಹಾಕುದಿಲ್ಲ."

"ನಿಮ್ ಗ್ರಾಫಿಗೂ ಮೈ ಬಿಸಿ ಆಯ್ಕಾ ಮರಾಯ್ರೆ?"

ನಾನು ನಕ್ಕೆ. ಆ ನಗುವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮುಂದಿನ ಸೋಮವಾರ ಕಂಬ ಗೆರೆ ದಾಟಿ ಎದ್ದು ನಿಂತಿತು. ಇದ್ದಕ್ಕಿದ್ದಂತೆ ಇಷ್ಟು ಹೇಗೆ ಎಂದು ಸೂತ್ರ ತೆರೆದರೆ, ವಾರ ಆದಿತ್ಯವಾರದಿಂದ ಶುರುವಾಗುತ್ತಿತ್ತು. ಸದ್ದಿಲ್ಲದೆ ಸರಿಮಾಡಿದೆ. ಮಧ್ಯಾಹ್ನವೇ ಮಾತ್ರೆ ಹೋಯಿತು. ಅಕ್ಕನ ತಮ್ಮ ಹಿಂದಿನ ದಿನವಷ್ಟೇ ಚಾಪೆ ಹಿಡಿದಿದ್ದ. ಆಸ್ಪತ್ರೆಗೆ ಸೇರಿಸಿದರು, ಉಳಿಯಲಿಲ್ಲ. ವಾರ ಮೊದಲೇ ಮಾತ್ರೆ ಸಿಕ್ಕಿದ್ದರೆ ಬದುಕುತ್ತಿದ್ದನೋ ಇಲ್ಲವೋ, ಡಾಕ್ಟರೂ ಹೇಳಲಾರರು. ಸಿಗಲಿಲ್ಲ ಎಂಬುದು ಮಾತ್ರ ನನಗೆ ಗೊತ್ತು.

ಕ್ರಿಯೆಗಳೆಲ್ಲ ಮುಗಿದ ಮೇಲೆ ಅಕ್ಕ ಕೆಲಸಕ್ಕೆ ಬಂದರು. ತಮ್ಮನ ಚೀಟಿಯನ್ನೂ ಉಳಿದವುಗಳ ಜೊತೆಗೇ ಇಟ್ಟರು. ಜ್ವರ ಶುರುವಾದದ್ದು ಆದಿತ್ಯವಾರ ಎಂದು ಅವರದೇ ಅಕ್ಷರದಲ್ಲಿತ್ತು. ತುಂಬಿಸಿದೆ. ಈ ಸಲ ವಾರ ಸರಿಯಾಗಿ ಬಂತು.

ನನ್ನ ಮುಖ ನೋಡಿ ಅವರೇ ಸಮಾಧಾನ ಹೇಳಿದರು. "ನಿಮ್ದೆಂತ ತಪ್ಪಿಲ್ಲ. ಕಂಪ್ಯೂಟರ್ ಹೇಳಿದ್ನ ನೀವ್ ಹೇಳಿದ್ರಿ, ಅಷ್ಟೇ."

ಈಗ ಬ್ರಹ್ಮಾವರದಲ್ಲಿ ಬೇರೆ ಕೆಲಸದಲ್ಲಿದ್ದೇನೆ. ಪ್ರತಿ ವರ್ಷ ಅಕ್ಕ ಹಲಸಿನ ಹಪ್ಪಳ ಕಳಿಸುತ್ತಾರೆ. ಕಂಪ್ಯೂಟರಿಗೆ ಹಾಗೆ ಹೇಳಿಕೊಟ್ಟವನು ನಾನೇ ಎಂದು ಇವತ್ತಿನವರೆಗೂ ಅವರಿಗೆ ಹೇಳಿಲ್ಲ. ಅಂದು ಅವರ ಸಮಾಧಾನಕ್ಕೆ ಹೌದೆಂದು ತಲೆಯಾಡಿಸಿದ್ದೆ.