ಎದ್ದು ಹೋದ ನಿರ್ದೇಶಕಿ

ಮುನಿರತ್ನಮ್ಮನವರು ಒಂದು ಕಡೆ ನೆಟ್ಟಗೆ ಕೂತದ್ದನ್ನು ನಾನು ಕಂಡಿಲ್ಲ. ದೇವನಹಳ್ಳಿ ಹತ್ತಿರದ ವಿಜಯಪುರದ ನಮ್ಮ ಪತ್ತಿನ ಸಂಘದ ಸಭೆಯಲ್ಲೂ ಕುರ್ಚಿಯ ತುದಿಯಲ್ಲಿ ಕೂತು, ಸೆರಗನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇರುತ್ತಿದ್ದರು. ಇಪ್ಪತ್ತು ವರ್ಷ ಬಿಸಿನೀರಿನಲ್ಲಿ ರೇಷ್ಮೆಗೂಡಿನ ಎಳೆ ಹುಡುಕಿದ ಬೆರಳುಗಳು, ಸುಮ್ಮನಿರಿ ಎಂದರೆ ಕೇಳುತ್ತವೆಯೇ? ಓದಿದ್ದು ನಾಲ್ಕನೇ ಕ್ಲಾಸು. ನಿರ್ದೇಶಕರಲ್ಲಿ ಮಹಿಳೆಯರ ಸ್ಥಾನಕ್ಕೆ ಬಾಯಿಲ್ಲದ ಹೆಂಗಸೊಬ್ಬಳು ಬೇಕೆಂದು ಇವರನ್ನು ಆರಿಸಿದರು. ಆರಿಸಿದವರ ಬುದ್ಧಿಗೆ ಏನು ಹೇಳೋಣ!

ನಾನು ಆ ಸಂಘದ ಕಾರ್ಯದರ್ಶಿ. ಸಭೆಯಲ್ಲಿ ನಡೆದದ್ದನ್ನು ನಡವಳಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ನಡೆಯದ್ದನ್ನೂ ಬರೆದಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಹಿಂದಿನ ಅಧ್ಯಕ್ಷ ಪಿಳ್ಳಣ್ಣನವರು ಒಂದು ಕಟ್ಟಳೆ ಮಾಡಿದ್ದರು. ನಿರ್ದೇಶಕರ ಮನೆಯವರ ವಿಷಯ ಬಂದರೆ ಆ ನಿರ್ದೇಶಕರು ಎದ್ದು ಹೊರಗೆ ಹೋಗಿ ಹೊಂಗೆ ಮರದ ಕೆಳಗೆ ಕೂರಬೇಕು. ಸ್ವಂತ ಮಗನ ಸಾಲದ ಅರ್ಜಿ ಬಂದಾಗ ಪಿಳ್ಳಣ್ಣನವರೇ ಹೋಗಿ ಕೂತಿದ್ದರು. ಒಳಗಿದ್ದವರು ಅರ್ಜಿ ತಿರಸ್ಕರಿಸಿದರು. ಹೊರಗೆ ಬಂದು ತಿಳಿಸಿದಾಗ "ಒಳ್ಳೇದಾಯ್ತು, ಕಾಫಿ ತರ್ಸಿ" ಎಂದಿದ್ದರು.

ಅವರು ತೀರಿಕೊಂಡ ಮೇಲೆ ದೇವೇಂದ್ರ ಅಧ್ಯಕ್ಷನಾದ. ಪಕ್ಷದಲ್ಲಿ ಹೆಸರಿದೆ, ಮುಂದಿನ ಚುನಾವಣೆಯ ಟಿಕೆಟ್ಟಿನ ಆಸೆಯೂ ಇದೆ. ಅವನ ಬಾಮೈದ ಅಮರ್ ದೇವನಹಳ್ಳಿ ಕಡೆ ಲೇಔಟ್ ಮಾಡುವವನು. ಅಮರನಿಗೆ ಒಂದೂವರೆ ಕೋಟಿ ಸಾಲ ಬೇಕಿತ್ತು. ನಮ್ಮಲ್ಲಿ ಒಬ್ಬರಿಗೆ ಐದು ಲಕ್ಷದ ಮೇಲೆ ಕೊಡುವಂತಿರಲಿಲ್ಲ.

"ಮೇಲಿನೋರೇ ರೂಲ್ಸ್ ಸಡಿಲ ಮಾಡ್ಕೊಂಡು ಬರ್ತಾವ್ರೆ, ನಾವ್ಯಾಕೆ ಕಾಲಿಗೆ ಹಗ್ಗ ಕಟ್ಕೊಂಡು ಕೂರೋಣ? ಮಿತಿ ತೆಗ್ದಾಕಿ. ಆ ಎದ್ದೋಗೋ ನಾಟ್ಕಾನೂ ತೆಗ್ದಾಕಿ" ಎಂದ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಗೂಡು ಮಾರಿದ, ನೂಲು ಸುತ್ತಿದ ಸಾವಿರ ಮನೆಗಳ ಠೇವಣಿ ಅದು.

ಒಂಬತ್ತು ನಿರ್ದೇಶಕರಲ್ಲಿ ನಾಲ್ವರು, ಬೇಡ ಎನ್ನುವ ಧೈರ್ಯವಿಲ್ಲದೆ, ಮದುವೆ, ಜ್ವರ ಎಂದು ತಪ್ಪಿಸಿಕೊಂಡರು. ಸಭೆ ನಡೆಯಲು ಐವರಿರಬೇಕು. ಐದನೆಯವರು ಮುನಿರತ್ನಮ್ಮ. ಅವರಿಗೆ ಹಾಕಲು ದೇವೇಂದ್ರ ಒಂದು ಮೂಗುದಾರ ಹುಡುಕಿದ. ಅವರ ಮಗಳು ಅಕ್ಷತ ಮೂರು ವರ್ಷದಿಂದ ನಮ್ಮಲ್ಲೇ ಗುತ್ತಿಗೆಯ ಮೇಲೆ ಗುಮಾಸ್ತಿಕೆ ಮಾಡುತ್ತಿದ್ದಳು. ಅವಳ ಕೆಲಸ ಕಾಯಂ ಮಾಡುವುದನ್ನು ಮೂರನೇ ವಿಷಯವಾಗಿ, ಮಿತಿಯನ್ನೂ ಎದ್ದುಹೋಗುವ ಕಟ್ಟಳೆಯನ್ನೂ ತೆಗೆದು ಅಮರನಿಗೆ ಸಾಲ ಕೊಡುವುದನ್ನು ನಾಲ್ಕನೆಯದಾಗಿ ನನ್ನ ಕೈಲೇ ಬರೆಸಿದ.

ಸಭೆಯ ದಿನ ನಾನು ಮೂರನೇ ವಿಷಯ ಓದಿದೆ. ಮುನಿರತ್ನಮ್ಮ ಎದ್ದರು.

"ಎಲ್ಗಮ್ಮಾ?" ಎಂದ ದೇವೇಂದ್ರ.

"ನನ್ ಮಗಳ ವಿಷ್ಯ ಅಲ್ವೇನಪ್ಪಾ. ಆಚೆಗೋಗ್ತೀನಿ."

"ಅದೆಲ್ಲ ಹಳೇ ಕಾಲದ್ದು, ಕೂತ್ಕೊಳಮ್ಮ."

"ಇನ್ನೂ ತೆಗ್ದಿಲ್ವಲ್ಲ. ನಾಲ್ಕನೇದ್ರಲ್ಲಿ ತಾನೇ ತೆಗೆಯೋದು?"

ಹೋಗಿಯೇ ಬಿಟ್ಟರು. ಒಳಗೆ ನಾಲ್ವರು ಉಳಿದರು. ದೇವೇಂದ್ರ ನನ್ನತ್ತ ತಿರುಗಿ, "ಬರ್ತಾನೇ ಸಹಿ ಹಾಕವ್ಳಲ್ಲ, ಹಾಜರಿ ಅಂತ ಬರ್ಕೊಳ್ರಿ. ಎಲ್ಲಾ ಪಾಸು" ಎಂದ. ನನ್ನ ನಿವೃತ್ತಿಗೆ ಏಳು ತಿಂಗಳಿತ್ತು. ಕರೆದುಕೊಂಡು ಬರುತ್ತೇನೆ ಎಂದು ಪುಸ್ತಕ ಹಿಡಿದೇ ಹೊರಗೆ ಹೋದೆ.

ಮುನಿರತ್ನಮ್ಮ ಕೂತಿರಲಿಲ್ಲ, ಹೊಂಗೆ ಮರವನ್ನು ಸುತ್ತುತ್ತಿದ್ದರು. ಅಕ್ಷತ ಕೌಂಟರ್ ಬಿಟ್ಟು ಓಡಿಬಂದಿದ್ದಳು. "ಒಳಗೋಗಮ್ಮ, ನಿನ್ ಕಾಲಿಗೆ ಬೀಳ್ತೀನಿ. ಮೂರು ವರ್ಷ ಕಾದಿದ್ದೀನಿ" ಎಂದು ಅಳುತ್ತಿದ್ದಳು. ತಾಯಿ ಅವಳ ಮುಖ ನೋಡಲಿಲ್ಲ.

"ಎದ್ದೋದ್ಲು ಅಂತ ಬರ್ಕೊಳಿ ಸಾರ್. ಟೈಮೂ ಹಾಕಿ" ಎಂದರು ನನಗೆ.

ಮರದ ಕೆಳಗೆ ನಿಂತೇ ಬರೆದೆ, ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಕೋರಂ ಇಲ್ಲವೆಂದು ಸಭೆ ಮುಂದಕ್ಕೆ ಹೋಯಿತು. ಆ ತಿಂಗಳ ಕೊನೆಗೆ ಅಕ್ಷತಳ ಗುತ್ತಿಗೆ ಮುಗಿಯಿತು, ಯಾರೂ ಮುಂದುವರಿಸಲಿಲ್ಲ. ಈಗ ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಶಿಫ್ಟು. ದೇವೇಂದ್ರ ಆ ಸಾಲವನ್ನು ತಿಂಗಳು ತಿಂಗಳೂ ತರುತ್ತಾನೆ. ಮುನಿರತ್ನಮ್ಮ ಸಭೆಯ ದಿನ ಬರುತ್ತಾರೆ, ಒಳಗೆ ಐವರಾಗಬಾರದೆಂದು ಕಾಲಿಡುವುದಿಲ್ಲ, ಮರ ಸುತ್ತುತ್ತಾರೆ. ಮೂರು ಸಭೆ ತಪ್ಪಿದರೆ ಸ್ಥಾನ ಹೋಗುತ್ತದೆ. ಎರಡು ಆಗಿದೆ. ನನಗಂತೂ ನಿದ್ದೆ ಸರಿಯಾಗಿ ಬರುತ್ತಿಲ್ಲ.

ಮೊನ್ನೆ ಹಾಲು ತರಲು ಹೋದಾಗ ತಾಯಿ ಮಗಳಿಬ್ಬರೂ ಕಂಪನಿ ಬಸ್ಸಿಗೆ ಕಾಯುತ್ತಿದ್ದರು. ಅಕ್ಷತ ನನ್ನನ್ನು ಕಂಡವಳೇ, "ನೀವೇ ಕೇಳಿ ಸಾರ್. ಯಾರದೋ ಸಾಲ ನಿಲ್ಸೋಕೆ ನನ್ ಕೆಲ್ಸ ಕಳೆದ್ಬಿಟ್ಲು" ಎಂದಳು.

ಮುನಿರತ್ನಮ್ಮ ಸೆರಗು ಸುತ್ತುತ್ತಲೇ ಮಗಳ ಕಡೆ ತಿರುಗಿದರು.

"ಸಾಲದ್ದು ಒಂದೇ ಬಂದಿದ್ರೆ ನಾನೂ ಸಹಿ ಹಾಕ್ಬಿಡ್ತಿದ್ದೆ ಕಣವ್ವ. ಅಷ್ಟು ಹೆದ್ರಿದ್ದೆ. ನಿನ್ ಹೆಸ್ರು ಓದಿದ್ರು ನೋಡು, ಆಗ ಕೂರಕ್ಕಾಗ್ಲಿಲ್ಲ."